ಸೌಟು ಯಾರ ಕೈಯಲ್ಲಿತ್ತು

ಕೆಲಮಂಗಲ
16 ಫೆಬ್ರವರಿ 2025

ಬಂದಂಥ ಮಹಾಜನರೇ! ಮುಂದೆ ಚಾಪೆ ಹಾಸಿ ಕೂತ ಹಿರಿಯರೇ, ಮಡಿಲಲ್ಲಿ ಕೂಸು ಮಲಗಿಸಿಕೊಂಡ ತಾಯಂದಿರೇ, ಹಿಂದೆ ಗೋಡೆ ಹತ್ತಿ ಕಾಲು ಇಳಿಬಿಟ್ಟ ಪಡ್ಡೆಗಳೇ! ಪರದೆ ಸರಿಯುವ ಮುಂಚೆ ನಿಮ್ಮೆಲ್ಲರಿಗೂ ಈ ಮುನಿಯಲ್ಲಪ್ಪನ ಶರಣು!

ಹೆದರಬೇಡ ಸಹನಾ. ನಿನ್ನ ಮಾವನಿಗೆ ತಲೆ ಕೆಟ್ಟಿಲ್ಲ. ಊರ ನಾಟಕದಲ್ಲಿ ರಾಜನ ವೇಷ ಕಟ್ಟಿ ಕಟ್ಟಿ, ಕಾಗದ ಬರೆಯಲು ಕೂತರೂ ಕೈಗೆ ಬೇರೆ ಆರಂಭ ಬಾರದು. ನೀನು ಫೋನು ಎತ್ತುತ್ತಿಲ್ಲ. ಮೋಹನ ಹೋದ ಸುದ್ದಿ ಫೋನಿನಲ್ಲೇ ಬಂತು, ಅದು ಹೊಡೆದುಕೊಂಡರೆ ತಂಗಿಗೆ ಆಗುವುದಿಲ್ಲ ಎಂದು ನಿನ್ನ ಅಣ್ಣ ಶಶಿಕುಮಾರ್ ಹೇಳಿದ. ಆಗಲಿ. ಕಾಗದಕ್ಕೆ ಸದ್ದಿಲ್ಲ. ನನ್ನ ಕಾಗದಕ್ಕೆ ತುಸು ಇರುತ್ತದೆ, ಸಹಿಸಿಕೋ.

ಹೊಸೂರು ಅವಲಪಲ್ಲಿಯ ನಿಮ್ಮ ಬಾಡಿಗೆ ಮನೆ ಖಾಲಿ ಮಾಡಿದೆವು. ನಾನು, ನಿನ್ನ ಅತ್ತೆ, ಪಕ್ಕದ ಹೊಲದ ಶ್ಯಾಮಣ್ಣ, ಅವನ ಟೆಂಪೊ. ಮಂಚ, ಬೀರು, ಟಿವಿ ಎಲ್ಲ ಮಾತಾಡಿಕೊಂಡೇ ಇಳಿಸಿದೆವು. ಕೊನೆಗೆ ಅಡುಗೆಮನೆ. ಮೇಲಿಂದ ಕೆಳಗಿನ ತನಕ ಡಬ್ಬಿಗಳು! ಒಂದರ ಮೇಲೂ ಹೆಸರಿಲ್ಲ. ಕೆಂಪು ಪುಡಿಯ ಡಬ್ಬಿ ತೆರೆದು ಶ್ಯಾಮಣ್ಣ ಚಿಟಿಕೆ ನಾಲಿಗೆಗೆ ಇಟ್ಟ.

"ಖಾರಾನೇ ಇಲ್ವಲ್ಲಣ್ಣಾ. ಇದೇನ್ ಕುಂಕ್ಮಾನಾ?"

"ಮುಟ್ಬೇಡ ಕಣಣ್ಣೋ" ಅಂದಳು ನಿನ್ನ ಅತ್ತೆ. "ನನ್ ಮಗ ಅದ್ನ ತಿಂದೇ ಹೋಗಿದ್ದು."

ಹೌದು ಸಹನಾ, ಅವಳು ಇನ್ನೂ ಅದೇ ಮಾತಿನ ಮೇಲೆ ನಿಂತಿದ್ದಾಳೆ. ಹಾಲು-ತುಪ್ಪ ಬಿಡುವ ದಿನ, ಹಸಿ ಮಣ್ಣಿನ ಗುಡ್ಡೆಯ ಮುಂದೆ, ನೆಂಟರಿಷ್ಟರ ನಡುವೆ "ದೇಶದೇಶದ ಕೂಳು ಬೇಯ್ಸಾಕಿ ನನ್ ಮಗನ್ ಎದೆ ನಿಲ್ಲಿಸ್ಬುಟ್ಳು" ಎಂದು ಕೂಗಿದಳಲ್ಲ, ಅದೇ. ನೀನು ಆ ಸಂಜೆಯೇ ಅಣ್ಣನ ಹಿಂದೆ ಮಳವಳ್ಳಿಗೆ ಹೊರಟುಹೋದೆ. ನಾನು ತಡೆಯಲಿಲ್ಲ. ಯಾರನ್ನೂ ತಡೆಯುವಷ್ಟು ಉಸಿರು ನನ್ನಲ್ಲಿರಲಿಲ್ಲ.

ರಂಗದ ಮೇಲೆ ನನ್ನ ಮಗ ಎಷ್ಟು ಸಲ ಸತ್ತಿದ್ದಾನೆ! ನಾನು ಗದೆ ಬಿಸಾಡಿ, ಕಿರೀಟ ಕಿತ್ತೆಸೆದು, "ಅಯ್ಯೋ ಕಂದಾ!" ಎಂದು ಎದೆ ಬಡಿದುಕೊಂಡರೆ ಕೆಲಮಂಗಲದ ಹೆಂಗಸರು ಸೆರಗು ಹಿಂಡುತ್ತಿದ್ದರು. ಈಗ ನಿಜಕ್ಕೂ ಸತ್ತಿದ್ದಾನೆ. ಒಂದು ಹನಿ ಬರಲಿಲ್ಲ. ವೀಳ್ಯಕ್ಕೆ ಸುಣ್ಣ ಹೆಚ್ಚಾದಾಗ ನಾಲಿಗೆ ಸುಟ್ಟು ಜಡವಾಗುತ್ತದಲ್ಲ, ಮೈಯೆಲ್ಲ ಹಾಗಿದೆ.

ಆ ಡಬ್ಬಿಗಳನ್ನು ಏನು ಮಾಡಲಿ, ಬರೆ.

ನಿನ್ನ ಮಾವ,
ಮುನಿಯಲ್ಲಪ್ಪ


ಮಳವಳ್ಳಿ
3 ಮಾರ್ಚ್ 2025

ಮಾವ, ನಮಸ್ಕಾರ.

ಕಾಗದ ಸಿಕ್ಕಿತು. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ಏನು ಉಂಡೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಕೆಂಪು ಪುಡಿ ಹಂಗೇರಿ ದೇಶದವರ ಗುಲಾಶ್ ಎಂಬ ಮಾಂಸದ ಸಾರಿಗೆ ಹಾಕುವುದು. ಖಾರ ಇರುವುದಿಲ್ಲ, ಬಣ್ಣ ಮತ್ತು ವಾಸನೆ ಅಷ್ಟೇ. ಡಬ್ಬಿಗಳನ್ನು ಯಾರಿಗಾದರೂ ಕೊಟ್ಟುಬಿಡಿ.

ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಗಾಜಿನ ಜಾಡಿ ಇದೆ. ಅದನ್ನು ಮಾತ್ರ ಎಸೆಯಬೇಡಿ. ಕೊರಿಯಾದವರ ಕಿಮ್ಚಿ. ಉಪ್ಪು, ಮೆಣಸಿನಪುಡಿ ಹಾಕಿ ಹುಳಿ ಬರಿಸಿದ ಕೋಸು. ವಾಸನೆ ಬಂದರೂ ಅದು ಕೆಟ್ಟಿರುವುದಿಲ್ಲ. ಸಂಕ್ರಾಂತಿಯ ಹಿಂದಿನ ಭಾನುವಾರ ಅವರು ಕೈಯಾರೆ ಕಲಸಿಟ್ಟದ್ದು.

ಸಹನಾ


ಕೆಲಮಂಗಲ
12 ಮಾರ್ಚ್ 2025

ಮಹಾಜನರೇ, ಇಂದಿನ ಪ್ರಸಂಗದಲ್ಲಿ ವೀರರಸವಿಲ್ಲ. ಚಾಪೆ ಸುತ್ತಿಕೊಂಡು ಹೋಗುವವರು ಹೋಗಬಹುದು.

ಸಹನಾ, ಆ ಜಾಡಿ ಹೋಯಿತು. ಸಾವಾದ ಮನೆಯಲ್ಲಿ ಬೇಯಿಸಿದ್ದು ಕಲಸಿದ್ದು ಏನೂ ಉಳಿಯಬಾರದು ಎಂಬುದು ನಮ್ಮ ಕಡೆಯ ಕಟ್ಟು. ನಿನ್ನ ಅತ್ತೆ ಆ ಮನೆಗೆ ಕಾಲಿಟ್ಟವಳೇ ಮೊದಲು ತೆರೆದದ್ದು ಫ್ರಿಜ್ಜನ್ನು. ಮೂಗಿಗೆ ಸೆರಗು ಒತ್ತಿಕೊಂಡು, "ಕೊಳ್ತು ನಾರ್ತೈತೆ" ಅನ್ನುತ್ತ, ಹಿಂದಿನ ಖಾಲಿ ಸೈಟಿನಲ್ಲಿ ಸುರಿದು ಬಂದಳು. ಜಾಡಿಯನ್ನು ಬೂದಿ ಹಾಕಿ ತೊಳೆದಳು. ಈಗ ಅದರಲ್ಲಿ ಹುಣಿಸೆಹಣ್ಣು ತುಂಬಿಟ್ಟಿದ್ದಾಳೆ. ದಿನಾ ಅದರಿಂದಲೇ ಸಾರಿಗೆ ತೆಗೆಯುತ್ತಾಳೆ.

ನೀನು ಬರೆದದ್ದನ್ನು ಅವಳಿಗೆ ಹೇಳಿಲ್ಲ. ಅವಳು ಓದಿದ್ದು ತಮಿಳು ಶಾಲೆಯಲ್ಲಿ, ಕನ್ನಡ ಅಕ್ಷರ ಗೊತ್ತಿಲ್ಲ. ನಾನು ಓದಿ ಹೇಳಿದಷ್ಟೇ ಅವಳಿಗೆ. "ಸಹ್ನಾ ಏನ್ ಬರ್ದವ್ಳೆ?" ಅಂದಳು. "ಚೆನ್ನಾಗವ್ಳಂತೆ" ಅಂದೆ.

ನನಗೆ ಒಂದು ಅರ್ಥವಾಗಲಿಲ್ಲ. 'ಕೈಯಾರೆ' ಎಂದು ಬರೆದಿದ್ದೀಯ. ಮೋಹನನೇ? ನಮ್ಮ ಮನೆಯಲ್ಲಿ ಎದುರಿಗಿದ್ದ ಉಪ್ಪಿನಕಾಯಿ ಬಟ್ಟಲನ್ನೂ ತಾನಾಗಿ ಎಳೆದುಕೊಂಡವನಲ್ಲ. "ಅಮ್ಮಾ, ಉಪ್ಪಿನ್ಕಾಯಿ" ಎಂದು ಒಳಗಿಂದ ಕೂಗುವವನು. ಅವನು ಕೋಸು ಕಲಸಿದನೇ?

ಮುನಿಯಲ್ಲಪ್ಪ


ಮಳವಳ್ಳಿ
20 ಏಪ್ರಿಲ್ 2025

ಮಾವ, ನಮಸ್ಕಾರ.

ಉತ್ತರ ತಡವಾಯಿತು. ನಿಮ್ಮ ಕಾಗದ ಓದಿ ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತು ಕಾದೆ. ಬರಲಿಲ್ಲ. ಎದ್ದು ಬಟ್ಟೆ ಒಗೆದೆ.

ಕೇಳಿದ್ದೀರಿ, ಹೇಳುತ್ತೇನೆ. ಆ ಜಾಡಿ ಒಂದೇ ಅಲ್ಲ. ಎಲ್ಲವನ್ನೂ ಮಾಡುತ್ತಿದ್ದದ್ದು ಅವರೇ. ನನಗೆ ಬರುವುದು ಮುದ್ದೆ, ಸಾರು, ಉಪ್ಪಿಟ್ಟು ಅಷ್ಟೇ. ಈರುಳ್ಳಿ ಹೆಚ್ಚಿಕೊಡುತ್ತಿದ್ದೆ. ಅದನ್ನೂ "ದಪ್ಪ ಆಯ್ತು" ಎಂದು ಕಿತ್ತುಕೊಳ್ಳುತ್ತಿದ್ದರು.

ಫ್ಯಾಕ್ಟರಿಯಲ್ಲಿ ಹೊಸ ಮಷೀನು ಕೂರಿಸಲು ಕೊರಿಯಾದಿಂದ ಒಬ್ಬರು ಬಂದಿದ್ದರು. ಕ್ಯಾಂಟೀನಿನಲ್ಲಿ ತಮ್ಮ ಡಬ್ಬಿಯಿಂದ ಇವರಿಗೂ ಒಂದು ತುತ್ತು ಹಾಕಿದರಂತೆ. ಸಂಜೆ ಮನೆಗೆ ಬಂದವರೇ ಶೂ ಕೂಡ ಬಿಚ್ಚದೆ, "ಸಹನಾ, ಒಂದೊಂದ್ ದೇಸದೋರು ಅವರವ್ರ ಮನೇಲಿ ಏನ್ ಉಣ್ತಾರೆ ಅಂತ ನೋಡ್ಬೇಕು ಕಣೆ. ಅಲ್ಲೀಗಂತೂ ಹೋಗಾಕಾಗಕಿಲ್ಲ, ಒಲೆ ಮೇಲಾದ್ರೂ ನೋಡಾನ" ಎಂದರು. ಆಮೇಲೆ ಪ್ರತಿ ಭಾನುವಾರ ಒಂದು ದೇಶ. ಯಾವ ದೇಶ ಎಂದು ಆರಿಸುವುದು ನಾನು, ಬೇಯಿಸುವುದು ಅವರು. ಕೀನ್ಯಾ ಎಂದೆ. ಮುಸುಕಿನ ಜೋಳದ ಹಿಟ್ಟು ತೊಳಸಿ ಉಗಾಲಿ ಎಂದು ತಟ್ಟೆಗೆ ಹಾಕಿದರು. ನೋಡಿದರೆ ಮುದ್ದೆ. "ಅಮ್ಮಂಗೆ ಹೇಳಿದ್ರೆ ನಗ್ತಾಳೆ, ಆಫ್ರಿಕಾದೋರೂ ಮುದ್ದೆ ಮುರ್ಕೊಂಡ್ ತಿಂತಾರೆ ಅಂತ" ಎಂದು ತಾವೇ ನಕ್ಕರು. ಪೆರು ಎಂದಾಗ ಮೀನನ್ನು ಬೇಯಿಸಲೇ ಇಲ್ಲ, ನಿಂಬೆರಸದಲ್ಲಿ ನೆನೆಸಿ ಕೊಟ್ಟರು. ನನಗೆ ಸೇರಲಿಲ್ಲ. ಇಡೀ ಬಟ್ಟಲು ಅವರೇ ತಿಂದರು.

ಅತ್ತೆ ಅವರೆಕಾಯಿ, ಸೊಪ್ಪು ತೆಗೆದುಕೊಂಡು ಭಾನುವಾರ ಬರುತ್ತಿದ್ದರಲ್ಲ. ಗೇಟಿನ ಸದ್ದು ಕೇಳಿದ ಕೂಡಲೇ ಇವರು ಸೌಟನ್ನು ನನ್ನ ಕೈಗೆ ತುರುಕಿ, ಕೈ ಒರೆಸಿಕೊಂಡು ಟಿವಿ ಮುಂದೆ ಕೂರುತ್ತಿದ್ದರು. ಅತ್ತೆ ಒಳಗೆ ಬಂದು, "ಇವತ್ತು ಯಾವ್ ದೇಸದ ಕೂಳಮ್ಮಾ ನನ್ ಮಗಂಗೆ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ದೇಶದ ಹೆಸರು ಹೇಳುತ್ತಿದ್ದೆ.

ಇವರು ತಮ್ಮ ಮಾನಕ್ಕೆ ಹೆದರಿ ಹೀಗೆ ಮಾಡುತ್ತಿರಲಿಲ್ಲ. "ಗಂಡನ್ನ ಒಲೆ ಮುಂದೆ ಕೂರ್ಸವ್ಳೆ ಅಂತ ನಿನ್ ಮೇಲೆ ಮಾತು ಬರ್ತದೆ, ಅದ್ಕೇ" ಎನ್ನುತ್ತಿದ್ದರು. ನನ್ನ ಮೇಲೆ ಮಾತು ಬರಬಾರದು ಎಂದು.

ಸಹನಾ


ಕೆಲಮಂಗಲ
11 ಮೇ 2025

ಸಹನಾ,

ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಹೊಲಕ್ಕೆ, ಸಾನಮಾವಿನ ಕಾಡಿನ ಕಡೆ ಆನೆ ಇಳಿದಿದೆ ಎಂದು ಊರವರ ಜೊತೆ ಕಾವಲಿಗೆ, ಕೆಲಮಂಗಲದ ಸಂತೆಗೆ. ಕೊನೆಗೆ ಒಂದು ಮಧ್ಯಾಹ್ನ ನಿನ್ನ ಅತ್ತೆ ಪಡಸಾಲೆಯಲ್ಲಿ ರಾಗಿ ಕೇರುತ್ತಿರುವಾಗ ಎದುರು ಕೂತು, "ಇಲ್ ಕೇಳು, ಸಹನಾ ಕಾಗ್ದ ಓದ್ತೀನಿ" ಎಂದೆ.

"ಓದು. ಆದ್ರೆ ಕೂಗ್ಬೇಡ" ಎಂದಳು.

ಮೂರೂರು ಕೇಳುವಂತೆ ಮಾತೆಸೆದ ಗಂಟಲು ಇದು! ಆದರೂ ಮೆಲ್ಲಗೆ ಓದಿದೆ. ಸೌಟಿನ ಮಾತು ಬಂದಾಗ ಮೊರ ನಿಂತಿತು. ಆಮೇಲೆ ಮತ್ತೆ ಆಡಿತು. ಓದಿ ಮುಗಿಸಿದೆ. ಅವಳು ಕಲ್ಲು ಆರಿಸಿ ಪಕ್ಕಕ್ಕೆ ಹಾಕುತ್ತಲೇ ಇದ್ದಳು. ಈಗ ಬಿದ್ದು ಹೊರಳಾಡುತ್ತಾಳೆ, ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ರಂಗದ ಲೆಕ್ಕಾಚಾರ ನನ್ನದು. ಏನೂ ಆಗಲಿಲ್ಲ. ರಾಗಿ ತುಂಬಿಟ್ಟು, ಮೊರ ಕೊಡವಿ ಗೋಡೆಗೆ ಒರಗಿಸಿದಳು.

"ಉಪ್ಪು ಯಾರ್ ಹಾಕ್ತಿದ್ರಂತೆ?"

"ಎಲ್ಲಾ ಅವನೇ ಅಂತ ಬರ್ದವ್ಳಲ್ಲೇ."

"ಎಲ್ಲಾ ಅಂದ್ರೆ ಆಗಲ್ಲ. ಉಪ್ಪು ಯಾರ್ ಹಾಕ್ತಿದ್ರು ಅಂತ ಕೇಳಿ ಬರೆ. ಆ ಕೋಸು ಹೆಂಗ್ ಕಲಸ್ತಿದ್ನಂತೆ, ಅದ್ನೂ ಕೇಳು."

ಕೇಳಿದ್ದೇನೆ.

ಮುನಿಯಲ್ಲಪ್ಪ


ಮಳವಳ್ಳಿ
2 ಜೂನ್ 2025

ಮಾವ, ನಮಸ್ಕಾರ.

ಉಪ್ಪೂ ಅವರೇ. ಚಮಚ ಮುಟ್ಟುತ್ತಿರಲಿಲ್ಲ. ಮೂರು ಬೆರಳಲ್ಲಿ ಹಿಡಿದು, ಅಂಗೈ ಮೇಲೆ ಒಂದು ಸಲ ನೋಡಿಕೊಂಡು, ಹಾಕುತ್ತಿದ್ದರು. ಫೋನಿನ ವಿಡಿಯೊದಲ್ಲಿ ಅಡುಗೆ ಹೇಳಿಕೊಡುವವರು ಎಷ್ಟೇ ಅಳತೆ ಹೇಳಲಿ, "ಅಮ್ಮ ಹಾಕೋ ಅಷ್ಟು" ಎನ್ನುತ್ತಿದ್ದರು.

ಕೋಸು ಉದ್ದನೆಯದಾಗಬೇಕು, ನಮ್ಮ ಗುಂಡು ಕೋಸು ಅಲ್ಲ. ಉದ್ದಕ್ಕೆ ಸೀಳಿ, ಎಲೆ ಎಲೆಗೂ ಕಲ್ಲುಪ್ಪು ಉಜ್ಜಿ, ಬಾಗುವಷ್ಟು ಮೆತ್ತಗಾಗುವ ತನಕ ಬಿಡಬೇಕು. ಆಮೇಲೆ ತೊಳೆದು ಹಿಂಡಬೇಕು. ಬ್ಯಾಡಗಿ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ. ಅಲ್ಲಿಯವರು ಹಾಕುವ ಮೀನಿನ ರಸ ಸಿಗದೆ ಇವರು ಹೊಸೂರಿನ ಅಂಗಡಿಯಿಂದ ಕರುವಾಡು, ಅಂದರೆ ಒಣಮೀನು, ತಂದು ಹುರಿದು ಪುಡಿ ಮಾಡಿದರು. ಇದೆಲ್ಲ ಎಲೆಗೆ ಅಂಟಲು ಅಕ್ಕಿ ಹಿಟ್ಟಿನ ಗಂಜಿ ಕಾಯಿಸಬೇಕು. ಇವರು ಅಕ್ಕಿ ಬೇಡ ಎಂದು ರಾಗಿ ಅಂಬಲಿಯನ್ನು ಹಿಂದಿನ ದಿನವೇ ಹುಳಿಗೆ ಇಟ್ಟು, ಅದರಲ್ಲಿ ಕಲಸಿದರು. ಬಣ್ಣ ಕಪ್ಪಗಾಯಿತು. "ಕೊರಿಯಾದೋರು ನೋಡಿದ್ರೆ ಅಟ್ಟಾಡಿಸ್ಕೊಂಡ್ ಹೊಡೀತಾರೆ" ಎಂದರು.

ಅತ್ತೆ ಯಾಕೆ ಕೇಳಿದರು?

ಸಹನಾ


ಕೆಲಮಂಗಲ
13 ಜುಲೈ 2025

ಮಹಾಜನರೇ! ಕೆಲಮಂಗಲದ ರಂಗಸ್ಥಳಕ್ಕೆ ಕೊರಿಯಾ ದೇಶದ ಪ್ರವೇಶ!

ಅಷ್ಟೇ ಸಹನಾ, ಮುಂದೆ ಅಬ್ಬರವಿಲ್ಲ.

ಉದ್ದ ಕೋಸಿಗೆ ನಾವು ದೂರ ಹೋಗಬೇಕಾಗಲಿಲ್ಲ. ಶ್ಯಾಮಣ್ಣ ಬೆಂಗಳೂರಿನ ಅಂಗಡಿಗಳಿಗೆಂದು ಅದನ್ನೇ ಬೆಳೆಯುತ್ತಾನೆ. ಇಷ್ಟು ವರ್ಷವಾದರೂ ಅವನ ಮನೆಯಲ್ಲಿ ಒಂದು ಎಲೆ ಬೆಂದಿಲ್ಲ. ನಿನ್ನ ಅತ್ತೆ ಹೊಲಕ್ಕೆ ಹೋಗಿ, "ಒಂದ್ ಕೋಸು ಕೊಡಣ್ಣ" ಎಂದರೆ ಅವನು, "ಅದ್ಯಾಕಕ್ಕಾ? ಅದು ತಿನ್ನೋದಲ್ಲ, ಮಾರೋದು" ಎಂದನಂತೆ.

ನೀನು ಬರೆದದ್ದನ್ನು ನಾನು ಓದುತ್ತ ಹೋದೆ, ಅವಳು ಮಾಡುತ್ತ ಹೋದಳು. ಅಂಬಲಿಯ ಸಾಲು ಬಂದಾಗ ಕೈ ತಡೆದು, "ಇನ್ನೊಂದ್ ಸಲ ಓದು" ಎಂದಳು. ಓದಿದೆ. "ಅದು ನನ್ ಅಂಬ್ಲಿ" ಎಂದಳು. ಕಲಸಿದಳು. ಮುಚ್ಚಿಟ್ಟಳು. ಹುಳಿ ಬಂದ ಮೇಲೆ ತಟ್ಟೆಯ ಅಂಚಿಗೆ ಹಾಕಿಕೊಂಡು ಮುದ್ದೆಯ ಜೊತೆ ಒಂದು ಎಲೆ ಬಾಯಿಗಿಟ್ಟಳು. ನಾನೂ ಇಟ್ಟೆ.

"ಹೆಂಗೈತೆ?" ಎಂದೆ.

"ನಂಗೇನೂ ಗೊತ್ತಾಯ್ತಿಲ್ಲ ಕಣಯ್ಯಾ. ಹುಳಿನೂ ಇಲ್ಲ, ಖಾರಾನೂ ಇಲ್ಲ. ನಿಂಗೆ?"

ನನಗೂ ಏನೂ ಗೊತ್ತಾಗಲಿಲ್ಲ. ಇಬ್ಬರೂ ತಟ್ಟೆ ಖಾಲಿ ಮಾಡಿದೆವು.

ಅದೇ ವಾರ ಅವಳ ತಂಗಿ ಸುಗುಣಾ ಬಂದಿದ್ದಳು. ಅವಳ ಬಾಯಿ ನಿನಗೆ ಗೊತ್ತು. ಕೋಸು ನೋಡಿ, "ಇದೇನಕ್ಕಾ, ಆ ಮಹಾತಾಯಿ ಮಾಡಾಕ್ತಿದ್ ಕೂಳ್ನ ನೀನೂ ಸುರು ಮಾಡ್ಕೊಂಡಾ? ಹುಡುಗನ್ನ ಮುಗ್ಸಿದ್ದು ಸಾಲ್ದಾ?" ಎಂದಳು. ನಾನು ನಿನ್ನ ಅತ್ತೆಯ ಮುಖ ನೋಡಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಹಿರಿಯರ ಹಬ್ಬ. ಹೋದವನಿಗೆ ಮೊದಲ ವರ್ಷದ ಎಡೆ. ಅವನಿಗೆ ಸೇರುತ್ತಿದ್ದದ್ದನ್ನೆಲ್ಲ ಎಲೆಯ ಮೇಲೆ ಇಡಬೇಕು. ನೀನು ಬರಬೇಕು.

ಮುನಿಯಲ್ಲಪ್ಪ


ಮಳವಳ್ಳಿ
24 ಆಗಸ್ಟ್ 2025

ಮಾವ, ನಮಸ್ಕಾರ.

ನಾನು ಬರುವುದಿಲ್ಲ. ಕೋಪದಿಂದ ಅಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

ಹುಟ್ಟಿನಿಂದಲೇ ಅವರ ಹೃದಯದಲ್ಲಿ ತೊಂದರೆ ಇತ್ತು, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ನಾನೂ ಕೇಳಿಸಿಕೊಂಡೆ. ಆದರೆ ಅತ್ತೆ ಎಲ್ಲರ ಮುಂದೆ ಹೇಳಿದ್ದನ್ನೂ ಕೇಳಿಸಿಕೊಂಡೆ. ಮೊದಮೊದಲು ಅದು ಅವರ ಮಾತಾಗಿತ್ತು. ಈಗ ನನ್ನದೇ ದನಿಯಲ್ಲಿ ಕೇಳುತ್ತದೆ. ಬೇಯಿಸಿದ್ದು ಅವರಾದರೂ ದೇಶ ಆರಿಸಿದ್ದು ನಾನು. ಆ ತಿಂಗಳು ಬ್ರೆಜಿಲ್ ಎಂದೆ, ಹಂದಿ ಮಾಂಸ, ಕಾಳು. ಹಂಗೇರಿ ಎಂದೆ. ಸೊಪ್ಪು ಸಾರು ಎಂದಿದ್ದರೆ? ದಿನಾ ತಟ್ಟೆ ಮುಂದೆ ಕೂತಾಗ ಇದೇ ಬರುತ್ತದೆ. ಅನ್ನ ಒಳಗೆ ಹೋಗುವುದು ಕಡಿಮೆಯಾಗಿದೆ. ಅತ್ತಿಗೆ ಬೈಯುತ್ತಾರೆ. ಬೈಯಿಸಿಕೊಂಡು ಎದ್ದುಬಿಡುತ್ತೇನೆ.

ಅಣ್ಣ ನನಗೆ ಇಲ್ಲೇ ಒಂದು ಕೆಲಸ ನೋಡಿದ್ದಾನೆ. ಗಾರ್ಮೆಂಟ್ಸಿನಲ್ಲಿ. ಸೇರಬಹುದು.

ಅವರಿಗೆ ಏನು ಇಷ್ಟ ಎಂದರೆ, ಮಾಡುವುದು ಇಷ್ಟ. ತಿನ್ನುವುದು ಯಾವುದಾದರೂ ಆಗುತ್ತಿತ್ತು. ಎಡೆಗೆ ಏನಿಡಬೇಕೆಂದು ನನಗೆ ತೋಚುತ್ತಿಲ್ಲ.

ಸಹನಾ


ಕೆಲಮಂಗಲ
20 ಸೆಪ್ಟೆಂಬರ್ 2025

ಸಹನಾ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಿನ್ನ ಅತ್ತೆಯ ಕೈಯಲ್ಲಿ ಬರುತ್ತದೆ. ನೀನು ಇದನ್ನು ಓದುವಾಗ ಅವಳು ನಿನ್ನ ಅಣ್ಣನ ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಓದಿದ ಮೇಲೆ ಒಳಗೆ ಕರೆಯುವುದು, ಬಿಡುವುದು ನಿನ್ನದು. ಹಾಗೆಂದು ಬರೆಯಲು ಅವಳೇ ಹೇಳಿದಳು.

ನಿನ್ನ ಕಾಗದವನ್ನು ಅವಳಿಗೆ ಓದಿದ್ದೆ. ಅನ್ನ ಇಳಿಯುತ್ತಿಲ್ಲ ಎಂಬುದನ್ನೂ ಬಿಡದೆ ಓದಿದೆ. ಈ ದಿನ ಹಬ್ಬದ ಹಿಂದಿನ ದಿನ. ಅವಳ ಅಣ್ಣ ನರಸಿಂಹಪ್ಪ, ಸುಗುಣಾ, ಹಾಲು-ತುಪ್ಪದ ದಿನ ನಿಂತಿದ್ದ ನೆಂಟರೆಲ್ಲ ಮನೆ ತುಂಬಿದ್ದರು. ಹೆಂಗಸರು ಕಾಳು ಆರಿಸುತ್ತ ಕೂತಿದ್ದರು. ಸುಗುಣಾ, "ಮೋನಂಗೆ ಏನಿಡೋಣ ಅಕ್ಕಾ? ಆ ದೇಸದೇಸದ್ದು ಬ್ಯಾಡಪ್ಪಾ" ಎಂದಳು.

ನಿನ್ನ ಅತ್ತೆ ಒಲೆಯ ಹತ್ತಿರದಿಂದ ಎದ್ದು ಬಂದು ನಡುಮನೆಯಲ್ಲಿ ನಿಂತಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಎಲ್ರೂ ಕೇಳ್ರಿ. ಅಡ್ಗೆ ಮಾಡ್ತಿದ್ದೋನು ನನ್ ಮಗ. ಅವಳಲ್ಲ. ನಾನ್ ಬಂದ್ರೆ ಸೌಟು ಅವಳ್ ಕೈಗೆ ಕೊಟ್ಬುಡ್ತಿದ್ದ."

ನರಸಿಂಹಪ್ಪ ನಕ್ಕುಬಿಟ್ಟ. "ಬಿಡಮ್ಮಾ, ಮೋನ ಎಲ್ಲಾದ್ರೂ ಸೌಟ್ ಹಿಡೀತಾನಾ? ಸೊಸೆ ಹೇಳ್ಕೊಟ್ಟಿರ್ಬೇಕು."

"ಹಿಡೀತಿದ್ದ. ನಾನ್ ಹಾಕೋ ಅಷ್ಟೇ ಉಪ್ಪು ಹಾಕ್ತಿದ್ದ. ಇನ್ನೊಂದು ಕೇಳಣ್ಣಾ. ಹುಟ್ಟಿದಾಗ್ಲೇ ಎದೆ ಸರಿ ಇರ್ಲಿಲ್ಲ ಅಂತ ಡಾಕ್ಟ್ರು ಅವತ್ತೇ ಅಂದ್ರು. ನಂಗ್ ಕೇಳಿಸ್ತು. ಆ ಎದೆ ಹೆತ್ತೋಳು ನಾನು. ಅದ್ನ ಹೊತ್ಕೊಳಾಕಾಗ್ದೆ ಅವಳ್ ತಲೆಗೆ ಕಟ್ದೆ. ನಾನ್ ಆಡಿದ್ದು ಸುಳ್ಳು. ಇನ್ಮೇಲೆ ಯಾರೂ ಆ ಮಾತ್ ಆಡ್ಬೇಡ್ರಿ."

ಗಟ್ಟಿಯಾಗಿ ಹೇಳಲಿಲ್ಲ ಸಹನಾ. ಬಾವಿಕಟ್ಟೆಯಲ್ಲಿ ನೀರು ಕೇಳುವ ದನಿ. ಅಳಲೂ ಇಲ್ಲ. ಇಡೀ ಜೀವಮಾನ ರಂಗದ ಮೇಲೆ ಕೂಗಿದ ನನಗೆ ಅಂಥ ಒಂದು ಮಾತು ಹೇಳಲು ಸಿಕ್ಕಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮೊದ್ಲನೇ ಬಸ್ಸಿಗೆ ನಾನ್ ಮಳವಳ್ಳಿಗ್ ಹೋಗ್ತೀನಿ" ಎಂದಳು.

"ನಾಳೆ ಹಬ್ಬ ಕಣಕ್ಕಾ!" ಎಂದಳು ಸುಗುಣಾ. "ಎಡೆ ಯಾರ್ ಇಡೋದು? ಹಿರೀಕ್ರು ಬಂದು ಬಾಗ್ಲಲ್ ನಿಂತ್ಕೋತಾರೆ."

"ಸತ್ತೋರು ಒಂದ್ ಹೊತ್ತು ಕಾಯ್ತಾರೆ. ಅವಳು ಉಣ್ತಾ ಇಲ್ವಂತೆ."

ನಾನೂ ಬರುತ್ತೇನೆ ಎಂದು ಅಂಗಿ ಹುಡುಕಲು ಹೊರಟೆ. "ನೀನ್ ಬ್ಯಾಡ" ಎಂದಳು. "ನೀನ್ ಬಂದ್ರೆ ನಾಟ್ಕ ಆಯ್ತದೆ. ಆಡಿದ್ದು ನಾನು, ನಾನೇ ಹೇಳ್ತೀನಿ." ನಿನಗೆ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಕಾಗದದಲ್ಲಿ ಬರೆಸಲೂ ಒಪ್ಪಲಿಲ್ಲ. ಬರಿಗೈಯಲ್ಲಿ ಬರುತ್ತಿದ್ದಾಳೆ, ಏನನ್ನೂ ಬೇಯಿಸಿ ಕಟ್ಟಿಕೊಂಡಿಲ್ಲ. ನೀನು ಏನು ಉಣ್ಣುತ್ತೀಯ ಎಂದು ನಿನ್ನನ್ನೇ ಕೇಳಬೇಕಂತೆ.

ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ಹೆಂಗಸಿಲ್ಲದ ಮನೆಯಲ್ಲಿ ಹಬ್ಬ ಹೇಗೆ ನಡೆಯುತ್ತದೆ ಎಂದು ನರಸಿಂಹಪ್ಪ ಕೇಳಿದ. ನಡೆಯುತ್ತದೆ ಎಂದೆ. ಈಗ ನಿನ್ನ ಅತ್ತೆ ಸೀರೆ ಮಡಿಸುತ್ತಿದ್ದಾಳೆ. ಅನ್ನಕ್ಕೆ ನೀರು ಎಷ್ಟು ಇಡಬೇಕೆಂದು ಕೇಳಿದೆ. "ನೋಡ್ಕೊಂಡು ಇಡು" ಎಂದಳು. ಅಷ್ಟೇ.

ನಾಳೆ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಬಂದು, ನಾನು ಒಲೆ ಹಚ್ಚುತ್ತೇನೆ.

ನಿನ್ನ ಮಾವ,
ಮುನಿಯಲ್ಲಪ್ಪ